ಇಟ್ಟ ಹೆಜ್ಜೆ ಹಿಂದಿಡದ ಅಪ್‌ಡೇಟ್ ಮಹಾಶಯರಿಗೆ

ಶ್ರೀಯುತ ಸ್ವಯಂಚಾಲಿತ ಅಪ್‌ಡೇಟ್ ಅವರಿಗೆ, ಪ್ರೆಸ್ಸಿನವನೊಬ್ಬನ ಸಾಷ್ಟಾಂಗ ನಮಸ್ಕಾರಗಳು.

ಉಭಯ ಕುಶಲೋಪರಿ ಸಾಂಪ್ರತ. ತಾವು ಕ್ಷೇಮವೆಂಬುದು ನನಗೆ ಗೊತ್ತು. ನಿನ್ನೆ ರಾತ್ರಿ ಎರಡೂಕಾಲಿಗೆ ಬಂದು ಹೋಗಿದ್ದೀರಿ, ಪರದೆಯ ಬಲಮೂಲೆಯಲ್ಲಿ ಚೀಟಿ ಬಿಟ್ಟಿದ್ದೀರಿ. ನೆಂಟರು ಬಂದರೆ ಬಾಗಿಲು ತಟ್ಟುತ್ತಾರೆ. ಬೀಗದ ಕೈ ತಮ್ಮ ಸೊಂಟದಲ್ಲೇ ಇರುವುದರಿಂದ ತಮಗೆ ಆ ತೊಂದರೆಯೂ ಇಲ್ಲ. ಇನ್ನು ನನ್ನ ಕ್ಷೇಮದ ವಿಚಾರ. ಅದನ್ನು ಬರೆಯಲೆಂದೇ ಕೂತಿದ್ದೇನೆ.

ಮೊದಲು ಪರಿಚಯ. ತಾವು ನನ್ನನ್ನು ಒಂದು ಐಪಿ ವಿಳಾಸವಾಗಿ ಮಾತ್ರ ಬಲ್ಲಿರಿ. ತಾಲ್ಲೂಕು ಊರೊಂದರ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ, ಒಳಗೆ ಒಂದು ಆಫ್‌ಸೆಟ್ ಮೆಷಿನ್ನು. ಸೀಸನ್ನಿನಲ್ಲಿ ಲಗ್ನಪತ್ರಿಕೆ, ಉಳಿದ ದಿನ ಗೃಹಪ್ರವೇಶ, ವೈಕುಂಠ ಸಮಾರಾಧನೆ, ಬಿಲ್ ಬುಕ್ಕು. ಚುನಾವಣೆ ಬಂದರೆ ಕರಪತ್ರ. ಅದಕ್ಕೆ ಮಾತ್ರ ದುಡ್ಡು ಮುಂಗಡ.

ಕಳೆದ ಮಾಘದಲ್ಲಿ ಒಂದು ಲಗ್ನಪತ್ರಿಕೆ ಒಪ್ಪಿಕೊಂಡಿದ್ದೆ. 650 ಕಾರ್ಡು. ರಾತ್ರಿ ಒಂಬತ್ತಕ್ಕೆ ಪ್ರೂಫ್ ಓಕೆ ಆಯಿತು, ಬೆಳಿಗ್ಗೆ ಪ್ಲೇಟಿಗೆ ಹಾಕೋಣವೆಂದು ಮನೆಗೆ ಹೋದೆ. ಬೆಳಿಗ್ಗೆ ಬಂದು ಫೈಲು ತೆರೆದೆ, ಅಭ್ಯಾಸಬಲದಿಂದ ಒಮ್ಮೆ ಸೇವ್ ಒತ್ತಿದೆ, ಆಮೇಲೆ ನೋಡಿದೆ. ತಲೆಯ ಮೇಲಿದ್ದ ಗಣಪತಿ ನೆಟ್ಟಗಿದ್ದ. ಅವನ ಕೆಳಗೆ ‘ಶ್ರೀ’ ಇರಬೇಕಾದಲ್ಲಿ ‘ಶ್‌ರೀ’ ಎಂದಿತ್ತು. ಒತ್ತಕ್ಷರಗಳೆಲ್ಲ ಕೆಳಗಿನಿಂದ ಎದ್ದು ಬಂದು ಸಾಲಿನಲ್ಲಿ ಕೂತಿದ್ದವು. ವಧು ‘ಚಿ. ಕುಂ. ಸೌ. ಲಕ್‌ಷ್‌ಮೀ’, ವರ ‘ಕೃಷ್‌ಣ’. ಹೆಣ್ಣಿನ ತಂದೆ ಬಣ್ಣ ನೋಡಲೆಂದು ಆ ಹೊತ್ತಿಗೆ ಸರಿಯಾಗಿ ಬಂದರು. ಕನ್ನಡಕ ಏರಿಸಿ ಪರದೆ ನೋಡಿದರು. “ಏನ್ರೀ ಇದು, ನಮ್ಮ ಹುಡುಗಿ ಹೆಸರಿಗೆ ಲಕ್ವ ಹೊಡೆದಿದ್ಯಲ್ಲ?” ಅಂದರು.

ಆ ರಾತ್ರಿ ತಾವು ಬಂದಾಗ ಬರಿಗೈಯಲ್ಲಿ ಬಂದಿರಲಿಲ್ಲ. ಪುಟ ಕಟ್ಟುವ ತಂತ್ರಾಂಶವನ್ನು ಹೊಸದು ಮಾಡಿದ್ದಲ್ಲದೆ, ಅದರ ಹೊಟ್ಟೆಯೊಳಗೆ ಅಕ್ಷರಗಳನ್ನು ಒಂದರ ಕೆಳಗೊಂದು ಕೂಡಿಸುವ ಪುಟ್ಟ ಘಟಕವೊಂದಿದೆಯಲ್ಲ, ಅದನ್ನೂ ಬದಲಾಯಿಸಿ ಹೋಗಿದ್ದಿರಿ. ಇಂಗ್ಲಿಷಿನವರಿಗೆ ಏನೂ ಆಗಿರಲಿಕ್ಕಿಲ್ಲ. ಅವರ ಅಕ್ಷರಗಳು ಸೈನಿಕರ ಹಾಗೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಹೆಗಲ ಮೇಲೆ ಹತ್ತುವುದು, ಕಾಲಡಿ ಕೂರುವುದು ಇಲ್ಲ. ಆ ತಂತ್ರಾಂಶ ಕಂಪನಿಯ ಹೆಸರು ಇಲ್ಲಿ ಹೇಳುವುದಿಲ್ಲ. ಅವರ ಸಹಾಯವಾಣಿಯ ಹುಡುಗಿ ನನ್ನ ಜೊತೆ ಬಹಳ ನಯವಾಗಿ ಮಾತಾಡಿದಳು: “ಸರ್, ಮುಂದಿನ ಅಪ್‌ಡೇಟಿನಲ್ಲಿ ಸರಿಹೋಗುತ್ತದೆ.” ಮುಹೂರ್ತವನ್ನು ಮುಂದಿನ ಅಪ್‌ಡೇಟಿನವರೆಗೆ ತಳ್ಳಲು ಪುರೋಹಿತರು ಒಪ್ಪಬೇಕಲ್ಲ.

ಅಕ್ಕನ ಮಗ ಬೆಂಗಳೂರಿನಲ್ಲಿ ಇದೇ ಕಸುಬಿನಲ್ಲಿದ್ದಾನೆ. ಫೋನು ಮಾಡಿದೆ. “ಹಳೇ ವರ್ಷನ್ ಹಾಕ್ಕೊಳಿ ಮಾವ, ಅಷ್ಟೇ,” ಅಂದ. ಹೊಸದನ್ನು ಕಿತ್ತೆ, ಬೀರುವಿನಲ್ಲಿದ್ದ ಪೆನ್‌ಡ್ರೈವಿನಿಂದ ಹಳೆಯದನ್ನು ಹಾಕಿದೆ. ಖಾಲಿ ಪುಟದಲ್ಲಿ ‘ಶ್ರೀ’ ಎಂದು ಹೊಡೆದು ನೋಡಿದೆ, ಮುತ್ತಿನಂತೆ ಬಂತು. ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ‘ಶ್‌ರೀ’. ಮತ್ತೆ ಕಿತ್ತೆ, ಮತ್ತೆ ಹಾಕಿದೆ. ಮತ್ತೆ ತಾವು ಬಂದಿರಿ. ಹೋದ ಪುಟ್ಟ ಬಂದ ಪುಟ್ಟ ಅಂತ ಮೂರು ಸಲ ಆದಮೇಲೆ ಮತ್ತೆ ಬೆಂಗಳೂರಿಗೆ ಫೋನು.

“ಅದು ಹಾಗೇ ಮಾವ. ನಂಬರ್ ದೊಡ್ಡದಿದ್ರೆ ಸಾಮಾನು ಒಳ್ಳೇದು ಅಂತ ಅದರ ಲೆಕ್ಕ. ನೀವು 14 ಇಟ್ಟಿದ್ದೀರಿ, ಅಲ್ಲಿ 15 ಇದೆ. ಪಾಪ, ಮಾವ ಹಿಂದೆ ಬಿದ್ದಿದ್ದಾರೆ ಅಂತ ಎತ್ತಿ ಮುಂದೆ ಕೂರಿಸ್ತಾ ಇದೆ.”

ಇಂಟರ್‌ನೆಟ್ಟಿನ ವೈರು ಕಿತ್ತೆಸೆದೆ. ಈಗ ಬೇರೆ ತಕರಾರು ಶುರುವಾಯಿತು. ತಂತ್ರಾಂಶ ಹಳೆಯದಾಯಿತು, ಫೈಲು ಆಗಲಿಲ್ಲ. ಬೆಳಿಗ್ಗೆ ಅಭ್ಯಾಸಬಲದಿಂದ ಸೇವ್ ಒತ್ತಿದ್ದೆನಲ್ಲ, ಆ ಒಂದು ಒತ್ತಿಗೆ ಫೈಲು ಹೊಸ ಕುಲಕ್ಕೆ ಸೇರಿಬಿಟ್ಟಿತ್ತು. ಹಳೆಯ ತಂತ್ರಾಂಶ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ರಾತ್ರಿ ಹನ್ನೊಂದರಿಂದ ಮೂರರವರೆಗೆ ಕೂತು, ಪ್ರೂಫಿನ ಕಾಗದ ಎದುರಿಗಿಟ್ಟುಕೊಂಡು, ಇಡೀ ಪತ್ರಿಕೆಯನ್ನು ಮೊದಲಿನಿಂದ ಕಂಪೋಸ್ ಮಾಡಿದೆ. ‘ಸುಖಾಗಮನವನ್ನು ಬಯಸುವವರು’ ಎಂಬ ಪಟ್ಟಿಯೊಂದರಲ್ಲೇ 43 ಹೆಸರು.

ಹಿಂದಕ್ಕೆ ಬರುವುದೆಂದರೆ ಹೋದ ದಾರಿಯಲ್ಲೇ ತಿರುಗಿ ನಡೆಯುವುದು ಅಂದುಕೊಂಡಿದ್ದವನು ನಾನು. ಹೋಗುವಾಗ ತಾವು ಸೇತುವೆ ದಾಟಿ, ಆಚೆಗೆ ನಿಂತು, ಸೇತುವೆಯ ಹಲಗೆಗಳನ್ನೂ ಎತ್ತಿಕೊಂಡು ಹೋಗುತ್ತೀರೆಂದು ಯಾರೂ ಹೇಳಿರಲಿಲ್ಲ. ಫೈರ್‌ಫಾಕ್ಸ್ ಎಂಬ ಬ್ರೌಸರಿನವರಿಗೆ ಈ ವಿಷಯದಲ್ಲಿ ಕೊಂಚ ಮರ್ಯಾದೆ ಇದೆ. 2019ರಲ್ಲಿ ಬಂದ ಅವರ 67ನೇ ಆವೃತ್ತಿಯಿಂದ, ಹೊಸದರಲ್ಲಿ ಬಳಸಿದ ಪ್ರೊಫೈಲನ್ನು ಹಳೆಯದರಲ್ಲಿ ತೆರೆಯಹೋದರೆ ಅಲ್ಲೇ ತಡೆದು, ಬುಕ್‌ಮಾರ್ಕು, ಹಿಸ್ಟರಿ ಕೆಟ್ಟೀತು ಎಂದು ಎಚ್ಚರಿಸುತ್ತಾರೆ. ಕೆಡುವುದನ್ನು ತಪ್ಪಿಸಲಾಗದಿದ್ದರೂ ಕೆಡುತ್ತದೆ ಎಂದು ಹೇಳುವ ಸೌಜನ್ಯ.

ಆದರೂ ತಮ್ಮ ಹಟದ ಹಿಂದೆ ಒಂದು ನ್ಯಾಯವಿದೆ ಎಂದು ಅಕ್ಕನ ಮಗ ಹೇಳಿದ. ಒಪ್ಪಿಕೊಳ್ಳದೆ ವಿಧಿಯಿಲ್ಲ. ಹಳೆಯ ಆವೃತ್ತಿಯಲ್ಲಿ ಎಲ್ಲೆಲ್ಲಿ ಕನ್ನ ಹಾಕಬಹುದೆಂದು ಊರಿನ ಕಳ್ಳರಿಗೆಲ್ಲ ಗೊತ್ತು. ಹೊಸದು ಬಂದು ಗೋಡೆ ಮುಚ್ಚುತ್ತದೆ. ಕಳ್ಳನಿಗೆ ಹೊಸ ಗೋಡೆ ಒಡೆಯುವುದಕ್ಕಿಂತ ಹಳೆ ಗೋಡೆ ವಾಪಸು ಕಟ್ಟಿಸುವುದು ಸುಲಭ. ಅದಕ್ಕೇ ‘ಸಣ್ಣ ನಂಬರು ಬಂದರೆ ತಗೋಬೇಡ’ ಎಂಬ ನಿಯಮ. ಹಲವು ಆಂಡ್ರಾಯ್ಡ್ ಫೋನುಗಳು ತಲುಪಿದ ಸಂಖ್ಯೆಯನ್ನು ತಿದ್ದಲಾಗದ ಜಾಗದಲ್ಲಿ ಬರೆದಿಟ್ಟುಕೊಂಡು, ಅದಕ್ಕಿಂತ ಕೆಳಗಿನದು ಬಂದರೆ ಶುರುವಾಗುವುದೇ ಇಲ್ಲ ಎನ್ನುತ್ತವೆ. 2024ರ ಆಗಸ್ಟಿನಲ್ಲಿ ಲಾಸ್ ವೇಗಸ್‌ನ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಅಲೋನ್ ಲೆವಿಯೆವ್ ಎಂಬ ಸಂಶೋಧಕ ಇನ್ನೊಂದು ಚಮತ್ಕಾರ ತೋರಿಸಿದರು. ವಿಂಡೋಸಿನ ಅಪ್‌ಡೇಟ್ ವ್ಯವಸ್ಥೆಯನ್ನೇ ವಶಪಡಿಸಿಕೊಂಡು, ಅದರ ಕೈಯಿಂದಲೇ ಒಳಗಿನ ಘಟಕಗಳನ್ನು ಹಳೆಯದಕ್ಕೆ ಇಳಿಸಿದರು. ಇಷ್ಟಾದ ಮೇಲೂ ಯಂತ್ರವನ್ನು ಕೇಳಿದರೆ ‘ಎಲ್ಲ ಅಪ್‌ಡೇಟ್ ಆಗಿದೆ’ ಎನ್ನುತ್ತಿತ್ತು. ಆ ಉಪಕರಣಕ್ಕೆ ಅವರು ಇಟ್ಟ ಹೆಸರು ವಿಂಡೋಸ್ ಡೌನ್‌ಡೇಟ್. ತಮ್ಮ ವಂಶದಲ್ಲಿ ಇಂಥ ಮಗುವೂ ಹುಟ್ಟಿತಲ್ಲ ಎಂದು ತಮಗೆ ಸಂಕಟವಾಗಿರಬೇಕು.

ಹಾಗಾದರೆ ತಮ್ಮವರೇ ತಪ್ಪು ಮಾಡಿ, ನಿಜವಾಗಿಯೂ ಹಿಂದಕ್ಕೆ ಬರಬೇಕಾದಾಗ ಏನು ಮಾಡುತ್ತೀರಿ? ನಾನು ಇದನ್ನು ಕೇಳಿದಾಗ ಫೋನಿನ ಆ ಕಡೆ ನಗು. “ಹಳೇ ಸಾಮಾನಿಗೆ ಹೊಸ ನಂಬರ್ ಹಾಕ್ತೀವಿ ಮಾವ.” ಪ್ಲೇಸ್ಟೋರಿನಲ್ಲಿ ಆ್ಯಪ್ ಕೆಟ್ಟರೆ ಹಂಚುವುದನ್ನು ಅರ್ಧಕ್ಕೆ ನಿಲ್ಲಿಸಬಹುದಂತೆ, ಆಗಲೇ ತಗೊಂಡವರಿಂದ ವಾಪಸು ಪಡೆಯುವಂತಿಲ್ಲ. ಹಳೆಯ ಕೋಡನ್ನೇ ಎತ್ತಿ, ಕೆಟ್ಟದ್ದಕ್ಕಿಂತ ದೊಡ್ಡ ಸಂಖ್ಯೆ ಬರೆದು, ಹೊಸ ಬಿಡುಗಡೆ ಎಂದು ಕಳಿಸಬೇಕು. ಹಿಂದೆ ಸರಿಯುವುದಕ್ಕೂ ಮುಂದೆ ಹೋದಂತೆ ವೇಷ ಕಟ್ಟಬೇಕು. ನಮ್ಮ ರಾಜಕಾರಣಿಗಳು ಹೇಳಿಕೆ ಹಿಂಪಡೆಯುವ ಕ್ರಮವನ್ನು ತಾವು ಎಲ್ಲಿ ಕಲಿತಿರೋ.

ಈ ವೇಷದಲ್ಲಿಯೂ ಪ್ರಾಮಾಣಿಕರಿದ್ದಾರೆ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಇಂಜಿನಿಯರು ಒಂದು ಸುದ್ದಿ ಹೊರಗೆಡವಿದರು. ಲಿನಕ್ಸಿನಲ್ಲಿ ಕಡತ ಕುಗ್ಗಿಸುವ ‘ಎಕ್ಸ್‌ಝಡ್’ ಎಂಬ ಸಾಧು ಘಟಕವೊಂದಿದೆ. ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲು ಕೂರಿಸಿದ್ದರು. ಫ್ರಾಯ್ಂಡ್ ಅವರಿಗೆ ಸಂಶಯ ಬಂದದ್ದು ಲಾಗಿನ್ ಆಗುವುದು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆ ಎಂಬುದರಿಂದ. ಅರ್ಧ ಸೆಕೆಂಡು! ನಮ್ಮ ಕಂಪ್ಯೂಟರ್ ಶುರುವಾಗುವಷ್ಟರಲ್ಲಿ ನಾನು ಅಂಗಡಿ ಗುಡಿಸಿ, ದೇವರಿಗೆ ಊದುಬತ್ತಿ ಹಚ್ಚಿ ಮುಗಿಸುತ್ತೇನೆ. ಒಳಗೆ ಯಾರು ಯಾರು ಹಿಂಬಾಗಿಲು ಇಟ್ಟುಕೊಂಡು ಸಂಸಾರ ಮಾಡುತ್ತಿದ್ದಾರೋ ಬಲ್ಲವರಾರು.

ಡೆಬಿಯನ್ ಎಂಬ ಲಿನಕ್ಸ್ ಸಮುದಾಯದವರು ಪರೀಕ್ಷೆಯ ಹಂತದ ತಮ್ಮ ಸಂಗ್ರಹಗಳಿಂದ ಆ ವಿಷವನ್ನು ತುರ್ತಾಗಿ ಹಿಂದೆಗೆಯಬೇಕಾಯಿತು. ಹಳೆಯ 5.4.5 ಕಳಿಸಿದರೆ ಯಾವ ಯಂತ್ರವೂ ತಾನಾಗಿ ತೆಗೆದುಕೊಳ್ಳುವುದಿಲ್ಲ, ಸಂಖ್ಯೆ ಸಣ್ಣದು. ಅವರು ಕಳಿಸಿದ ಪೊಟ್ಟಣದ ಮೇಲೆ ಬರೆದದ್ದು ‘5.6.1+ರಿಯಲಿ5.4.5-1’. ‘ರಿಯಲಿ’ ಎಂಬ ಪದವನ್ನು ಸಂಖ್ಯೆಯ ನಡುವೆಯೇ ಅಚ್ಚುಹಾಕಿದ್ದಾರೆ. ಕನ್ನಡದಲ್ಲಿ ಓದಿಕೊಂಡರೆ: ಇದು 5.6.1, ಆಣೆ ಮಾಡಿ ಹೇಳಬೇಕೆಂದರೆ 5.4.5. ಯಂತ್ರಕ್ಕೆ ಬೇಕಾದ ಸುಳ್ಳು, ಮನುಷ್ಯನಿಗೆ ಬೇಕಾದ ನಿಜ, ಎರಡೂ ಒಂದೇ ಚೀಟಿಯಲ್ಲಿ. ಮೂವತ್ತು ವರ್ಷದಿಂದ ಪ್ರೂಫ್ ನೋಡುತ್ತಿರುವ ನನಗೆ ಇಷ್ಟು ಚಂದದ ತಪ್ಪೊಪ್ಪಿಗೆ ಬೇರೆ ಎಲ್ಲೂ ಸಿಕ್ಕಿಲ್ಲ. ಪತ್ರಿಕೆಗಳು ಒಳಪುಟದ ಮೂಲೆಯಲ್ಲಿ ಸಾಸಿವೆ ಅಕ್ಷರದಲ್ಲಿ ಹಾಕುವ ‘ತಿದ್ದುಪಡಿ’ಗಿಂತ ಇದು ಎಷ್ಟೋ ವಾಸಿ.

ತಮ್ಮ ಮನೆತನದ ಇನ್ನಿಬ್ಬರ ಬಗ್ಗೆಯೂ ಹೇಳಲೇಬೇಕು.

ಒಂದು, 2024ರ ಜುಲೈ 19, ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.39. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯಿಂದ ವಿಂಡೋಸ್ ಯಂತ್ರಗಳಿಗೆ ಒಂದು ಪುಟ್ಟ ಫೈಲು ಹೊರಟಿತು. ಅದರ ನಂಬರು 291. ಅದರಲ್ಲಿ 21 ಕಲಮುಗಳನ್ನು ಓದಬೇಕೆಂದಿತ್ತು, ಓದಲು ಕೊಟ್ಟದ್ದು 20. ಇಪ್ಪತ್ತೊಂದನೆಯದನ್ನು ಹುಡುಕಿಕೊಂಡು ಹೋದ ತಂತ್ರಾಂಶ ಇಲ್ಲದ ಜಾಗಕ್ಕೆ ಕೈಹಾಕಿತು, ವಿಂಡೋಸಿನ ಎದೆಯಲ್ಲೇ ಕೂತಿದ್ದರಿಂದ ಇಡೀ ಯಂತ್ರವನ್ನು ಎಳೆದುಕೊಂಡು ಬಿತ್ತು. ಫೈಲನ್ನು ಮೊದಲು ತಪಾಸಣೆ ಮಾಡುವ ಇನ್ನೊಂದು ತಂತ್ರಾಂಶ ಇತ್ತು; ಅದು ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ಮೈಕ್ರೋಸಾಫ್ಟಿನವರ ಅಂದಾಜಿನಲ್ಲಿ ಬಿದ್ದ ಯಂತ್ರಗಳು 85 ಲಕ್ಷ. ಬೇಲಿಯೇ ಎದ್ದು ಹೊಲ ಮೇಯ್ದದ್ದನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಜಗತ್ತು ಕಂಡಿರಲಿಲ್ಲ.

ಅವರು ತಪ್ಪನ್ನು ಹಿಂತೆಗೆದುಕೊಂಡದ್ದು 10.57ಕ್ಕೆ. ಬರೀ 78 ನಿಮಿಷ, ವೇಗಕ್ಕೆ ಮೆಚ್ಚಬೇಕು. ಆದರೆ ಬಿದ್ದ ಯಂತ್ರಕ್ಕೆ ಈ ಹಿಂಪಡೆತ ತಲುಪುವುದು ಹೇಗೆ? ಅದು ಏಳುವುದಕ್ಕೂ ಮುಂಚೆ ಮತ್ತೆ ಬೀಳುತ್ತಿದೆ. ಮಾತ್ರೆ ಡಬ್ಬಿಯ ಬೀಗದ ಕೈ ಡಬ್ಬಿಯೊಳಗೇ ಇದೆ. ಕೊನೆಗೆ ಮನುಷ್ಯನೊಬ್ಬ ಪ್ರತಿ ಯಂತ್ರದ ಮುಂದೆ ಕೂತು, ಸೇಫ್ ಮೋಡಿನಲ್ಲಿ ತೆರೆದು, ಆ ಒಂದು ಫೈಲನ್ನು ಕೈಯಾರೆ ಅಳಿಸಬೇಕಾಯಿತು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದ ಕಡೆ 48 ಅಂಕಿಗಳ ಕೀಲಿ ಹುಡುಕಿ ಹೊಡೆಯಬೇಕು. ಮೈಕ್ರೋಸಾಫ್ಟಿನವರು ತಮ್ಮ ಕ್ಲೌಡ್ ಗ್ರಾಹಕರಿಗೆ ಕೊಟ್ಟ ಸಲಹೆಗಳಲ್ಲೊಂದು: ಆಫ್ ಮಾಡಿ ಆನ್ ಮಾಡಿ, ಕೆಲವರಿಗೆ 15 ಸಲ ಮಾಡಿದ ಮೇಲೆ ಸರಿಹೋಗಿದೆ. ನಮ್ಮಲ್ಲಿ ಕರೆಂಟು ಹೋಗಿ ಬಂದು ಮಾಡುವ ಕೆಲಸವನ್ನೇ ಅವರು ಶಾಸ್ತ್ರೋಕ್ತವಾಗಿ ಮಾಡಿಸಿದರು ಅನ್ನಿ.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣವೂ ಸೇರಿ ದೇಶದ ಹಲವು ಕಡೆ ಆ ದಿನ ಚೆಕ್‌ಇನ್ ಕೈಕೊಟ್ಟಿತು. ಕೆಲವು ಕಡೆ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಅದರ ಚಿತ್ರ ನೋಡಿ ನನಗೆ ಒಂದು ಕ್ಷಣ ಹೆಮ್ಮೆಯೇ ಆಯಿತು. ಪೆನ್ನಿಗೆ ಒತ್ತಕ್ಷರದ ಅಪ್‌ಡೇಟ್ ಬರುವುದಿಲ್ಲ.

ಈ ಕತೆಯಲ್ಲಿ ನನಗೆ ಹೆಚ್ಚು ಅಯ್ಯೋ ಅನ್ನಿಸಿದ್ದು ಹುಷಾರಿನ ಗ್ರಾಹಕರ ಬಗ್ಗೆ. ಅವರು ‘ನಮಗೆ ತಾಜಾ ಬೇಡ, ಒಂದು ಹೆಜ್ಜೆ ಹಿಂದಿನ ಆವೃತ್ತಿಯೇ ಇರಲಿ’ ಎಂದು ಸೆಟ್ಟಿಂಗಿನಲ್ಲಿ ಬರೆದಿಟ್ಟವರು. ಆ ಸೆಟ್ಟಿಂಗು ಮುಖ್ಯ ತಂತ್ರಾಂಶಕ್ಕೆ ಅನ್ವಯ, ಈ ಪುಟ್ಟ ಫೈಲುಗಳಿಗೆ ಅಲ್ಲ. ಮುಂಬಾಗಿಲಿಗೆ ಚಿಲಕ ಹಾಕಿ ಮಲಗಿದವರ ಮನೆಗೆ ತಾವು ಹಿತ್ತಿಲಿನಿಂದ ಬಂದಿರಿ. ಆಮೇಲೆ ಕಂಪನಿಯವರು ಇನ್ನು ಮುಂದೆ ಸ್ವಲ್ಪ ಸ್ವಲ್ಪ ಯಂತ್ರಗಳಿಗೆ ಕೊಟ್ಟು ನೋಡಿ ಮುಂದುವರಿಯುತ್ತೇವೆ, ಗ್ರಾಹಕರಿಗೂ ಹಿಡಿತ ಕೊಡುತ್ತೇವೆ ಎಂದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ನಾನು ಹೇಳುವುದಿಲ್ಲ. ದಿಡ್ಡಿ ಬಾಗಿಲಾದರೂ ಇದೆ ಎಂದು ಗೊತ್ತಾಯಿತಲ್ಲ.

ಇನ್ನೊಂದು ಹಳೆಯದು. 2012ರ ಆಗಸ್ಟ್ 1, ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟಿನ ಕಂಪನಿ. ಎಂಟು ಸರ್ವರುಗಳಿಗೆ ಹೊಸ ಕೋಡು ಹಾಕಬೇಕಿತ್ತು, ಏಳಕ್ಕೆ ಹಾಕಿ ಒಂದನ್ನು ಮರೆತರು. ಹೊಸ ಕೋಡನ್ನು ಎಬ್ಬಿಸುವ ಗುರುತು ಆ ಎಂಟನೆಯದರಲ್ಲಿ ವರ್ಷಗಳಿಂದ ಸತ್ತು ಮಲಗಿದ್ದ ಹಳೆಯ ಕೋಡನ್ನು ಎಬ್ಬಿಸಿತು. ಅದು ಎದ್ದು ಕಂಡಕಂಡ ಷೇರು ಕೊಳ್ಳಲು, ಮಾರಲು ಹತ್ತಿತು. ಗಾಬರಿಯಾದ ಇಂಜಿನಿಯರುಗಳು ಏನು ಮಾಡಿದರೆಂದರೆ ಸರಿಯಿದ್ದ ಏಳು ಸರ್ವರುಗಳಿಂದ ಹೊಸ ಕೋಡನ್ನು ಹಿಂದೆಗೆದರು. ಗುರುತು ಹಾಗೇ ಬರುತ್ತಿತ್ತು. ಈಗ ಎಂಟರಲ್ಲಿಯೂ ದೆವ್ವ ಎದ್ದಿತು. ಸುಮಾರು 45 ನಿಮಿಷದಲ್ಲಿ ಆದ ನಷ್ಟ 46 ಕೋಟಿ ಡಾಲರಿಗಿಂತ ಹೆಚ್ಚು. ಅಮೆರಿಕದ ಷೇರು ನಿಯಂತ್ರಣ ಸಂಸ್ಥೆಯ ಆದೇಶದಲ್ಲಿ ಇದೆಲ್ಲ ದಾಖಲಾಗಿದೆ. ಹಿಂದಕ್ಕೆ ಹೋಗಿ ಎಂದು ತಮಗೆ ಪತ್ರ ಬರೆಯುತ್ತಿರುವ ನಾನೇ ಇದನ್ನು ಹೇಳಬಾರದಿತ್ತೇನೋ. ಆದರೆ ಹಿಂದಕ್ಕೆ ಹೋಗುವುದನ್ನು ಎಂದೂ ಅಭ್ಯಾಸ ಮಾಡದವರು ತುರ್ತಿನಲ್ಲಿ ಹಿಂದಕ್ಕೆ ಓಡಿದರೆ ಬೆನ್ನಿಗೆ ಬಾವಿಯೇ ಸಿಗುತ್ತದೆ.

ನಮ್ಮಪ್ಪನ ಕಾಲದಲ್ಲಿ ಇದೇ ಅಂಗಡಿಯಲ್ಲಿ ಮೊಳೆ ಜೋಡಿಸುವ ಪ್ರೆಸ್ಸು ಇತ್ತು, ಕಾಲಲ್ಲಿ ತುಳಿಯುವ ಟ್ರೆಡಲ್ಲು. ಲಗ್ನಪತ್ರಿಕೆ ಅಚ್ಚಾದ ಮೇಲೂ ಅಪ್ಪ ಜೋಡಿಸಿದ ಫಾರಮ್ಮನ್ನು ತಕ್ಷಣ ಬಿಚ್ಚುತ್ತಿರಲಿಲ್ಲ. ದಾರ ಸುತ್ತಿ, ಮಂಚದ ಕೆಳಗೆ ಇಡುತ್ತಿದ್ದರು. ಗಿರಾಕಿ ಕಾರ್ಡು ತಗೊಂಡು ಹೋಗಿ, ಮನೆಯ ಹೆಂಗಸರೆಲ್ಲ ಓದಿ, ಯಾರ ಹೆಸರೂ ಬಿಟ್ಟಿಲ್ಲ ಎಂದು ಖಾತ್ರಿಯಾದ ಮೇಲೆ ಮೊಳೆಗಳು ಖಾನೆಗೆ ವಾಪಸು. ಮೊಳೆ ಕಮ್ಮಿ ಇರುತ್ತಿತ್ತು, ‘ಳ’ಕ್ಕಂತೂ ಯಾವಾಗಲೂ ಬರ. ಆದರೂ ಬಿಚ್ಚುತ್ತಿರಲಿಲ್ಲ.

ಅಕ್ಕನ ಮಗನಿಗೆ ಇದನ್ನು ಹೇಳಿದಾಗ ಅವನು ಆಶ್ಚರ್ಯಪಟ್ಟ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ 2016ರಿಂದ ಇರುವ ಒಂದು ಏರ್ಪಾಡು ಥೇಟ್ ಹೀಗೇ ಅಂತೆ. ಒಳಗೆ ಎರಡು ಕೋಣೆ. ಒಂದರಲ್ಲಿ ಕೆಲಸ ನಡೆಯುತ್ತಿರುವಾಗಲೇ ಇನ್ನೊಂದರಲ್ಲಿ ಹೊಸದನ್ನು ತಂದಿಡುತ್ತಾರೆ. ಮರುಪ್ರಾರಂಭಿಸಿದಾಗ ಹೊಸ ಕೋಣೆಗೆ ಕಾಲಿಡುತ್ತದೆ. ಅಲ್ಲಿ ಎದ್ದು ನಿಲ್ಲಲಾಗದಿದ್ದರೆ ಸದ್ದಿಲ್ಲದೆ ಹಳೆಯ ಕೋಣೆಗೆ ವಾಪಸು. ಫೋನಿನ ‘ಹಿಂದೆ ಹೋಗಬೇಡ’ ಎಂಬ ಆ ಸಂಖ್ಯೆಯನ್ನು ಮೇಲೇರಿಸುವುದು ಕೂಡ ಹೊಸ ಕೋಣೆಯಲ್ಲಿ ನೆಟ್ಟಗೆ ನಿಂತ ಮೇಲೆಯೇ ಅಂತೆ. ಅಂದರೆ ಕಳ್ಳನಿಗೆ ಬಾಗಿಲು ಮುಚ್ಚಿಯೂ ಮನೆಯವನಿಗೆ ದಾರಿ ಬಿಡುವುದು ತಮ್ಮ ಕುಲಕ್ಕೆ ಗೊತ್ತಿರುವ ವಿದ್ಯೆಯೇ. ನನ್ನ ಲಗ್ನಪತ್ರಿಕೆಯ ಹೊತ್ತಿಗೆ ಮಾತ್ರ ಯಾಕೆ ಮರೆತುಹೋಯಿತೋ, ವಿಚಾರಿಸಿಕೊಳ್ಳಿ.

ಸದ್ಯದ ಪರಿಸ್ಥಿತಿ ಹೀಗಿದೆ. ಅಂಗಡಿಯ ಮೂಲೆಯಲ್ಲಿ ವೈರು ಕಿತ್ತ ಕಂಪ್ಯೂಟರ್ ಒಂದಿದೆ, ಅದರಲ್ಲಿ 14. ಆಯುಧಪೂಜೆಯಲ್ಲಿ ಅದಕ್ಕೆ ಎಲ್ಲಕ್ಕಿಂತ ದೊಡ್ಡ ಕುಂಬಳಕಾಯಿ ಒಡೆದೆ. “ಅದನ್ನ ಅಪ್ಪಿತಪ್ಪಿ ಇಂಟರ್‌ನೆಟ್ಟಿಗೆ ಹಾಕಬೇಡಿ ಮಾವ, ಒಳಗೆಲ್ಲ ತೂತು,” ಎಂದು ಬೆಂಗಳೂರಿನಿಂದ ತಿಂಗಳಿಗೊಮ್ಮೆ ಬೈಗುಳ ಬರುತ್ತದೆ. ವೈರು ಇರುವ ಇನ್ನೊಂದರಲ್ಲಿ ತಮ್ಮ ಚೀಟಿ. ಅದರಲ್ಲಿ ಎರಡೇ ಗುಂಡಿ: ‘ಈಗ ಮರುಪ್ರಾರಂಭಿಸಿ’, ‘ಇಂದು ರಾತ್ರಿ ಮರುಪ್ರಾರಂಭಿಸಿ’. ‘ಬೇಡ’ ಎಂಬ ಗುಂಡಿಯನ್ನು ಮುಂದಿನ ಅಪ್‌ಡೇಟಿನಲ್ಲಿ ಕೊಡುತ್ತೀರೆಂದು ನಂಬಿದ್ದೇನೆ.

ಇತಿ ತಮ್ಮ ವಿಧೇಯ,
ಬಸ್ ಸ್ಟ್ಯಾಂಡ್ ಹಿಂಭಾಗದ ಪ್ರೆಸ್ಸಿನವನು

ವಿ.ಸೂ.: ಆ ರಾತ್ರಿ ಮೂರು ಗಂಟೆಯವರೆಗೆ ಮತ್ತೆ ಕಂಪೋಸ್ ಮಾಡಿದೆನಲ್ಲ, ‘ಸುಖಾಗಮನವನ್ನು ಬಯಸುವವರು’ ಪಟ್ಟಿಯಲ್ಲಿ 43ರ ಬದಲು 42 ಹೆಸರು ಬಂದಿವೆ. ಬಿಟ್ಟುಹೋದದ್ದು ಹುಡುಗಿಯ ದೊಡ್ಡಪ್ಪನದು. ಅವರು ಮದುವೆಗೆ ಬಂದರು, ಊಟಕ್ಕೆ ಕೂರಲಿಲ್ಲ. ಮೊನ್ನೆ ಹುಡುಗಿಯ ತಂದೆ ಸೀಮಂತದ ಕಾರ್ಡಿಗೆ ಬಂದಿದ್ದರು. ಈ ಸಲ ಅಣ್ಣನ ಹೆಸರು ಎರಡು ಕಡೆ ಹಾಕಿ ಎಂದು ಹೇಳಿ ಹೋಗಿದ್ದಾರೆ.